ತಾರೀಕು ಹೇಳದ ಮೇಷ್ಟ್ರು

ಟೆಕ್ಸಸ್ಸಿಗೆ ಬಂದ ಹೊಸದರಲ್ಲಿ ನನ್ನನ್ನು ಯಾರೂ ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. ಕೇಳಿದ್ದು ಒಂದೇ, ನೀವು ಯಾವ ಚರ್ಚಿಗೆ ಹೋಗುತ್ತೀರಿ ಅಂತ. ಪಕ್ಕದ ಮನೆಯವಳು ಕೇಳಿದಳು. ಹಲ್ಲಿನ ಡಾಕ್ಟರು ನನ್ನ ಬಾಯಿಯೊಳಗೆ ಕನ್ನಡಿ ಇಟ್ಟುಕೊಂಡೇ ಕೇಳಿದರು. ಯಾವ ಚರ್ಚಿಗೂ ಇಲ್ಲ ಅಂದರೆ ಅವರ ಮುಖದ ಮೇಲೆ ಅಯ್ಯೋ ಪಾಪ ಅನ್ನುವ ಕಳೆ ಬರುತ್ತಿತ್ತು. ಮರುವಾರ ಬಾಗಿಲಲ್ಲಿ ಒಂದು ಕೇಕು, ಜೊತೆಗೊಂದು ಕರಪತ್ರ. ಕೇಕು ಚೆನ್ನಾಗಿರುತ್ತಿತ್ತು, ಇಲ್ಲ ಅನ್ನಬಾರದು. ಆದರೆ ಅದೇ ಉತ್ತರವನ್ನು ಅದೇ ನಗುಮುಖ ಮಾಡಿಕೊಂಡು ಎಷ್ಟು ಸಲ ಹೇಳುವುದು? ಒಂದೆರಡು ವರ್ಷದಲ್ಲಿ ಸುಸ್ತಾಗಿ ಹೋಯಿತು.

ಆ ಸುಸ್ತು ನನಗಿಂತ ಹೆಚ್ಚಾಗಿದ್ದ ಒಬ್ಬರನ್ನು ಕಂಡಿದ್ದೆ, ಮತ್ತು ಅವರು ಸ್ವತಃ ಕ್ರೈಸ್ತರು. ಹೋದ ತಿಂಗಳು ತೀರಿಕೊಂಡರು. ಅವರ ಮಗಳು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಿಂದ ಫೋನ್ ಮಾಡಿ, "ಆಂಟಿ, ಮೆಮೋರಿಯಲ್‌ನಲ್ಲಿ ಎರಡು ನಿಮಿಷ ಮಾತಾಡ್ತೀರಾ? ಕನ್ನಡ ಈಸ್ ಫೈನ್" ಅಂದಳು. ಮಾತಾಡಿದೆ. ಒಳ್ಳೆಯ ಮೇಷ್ಟ್ರು, ಒಳ್ಳೆಯ ಮನುಷ್ಯ, ಇಂಥದ್ದೇನೋ ಹೇಳಿ ಕೆಳಗಿಳಿದೆ. ಎರಡು ನಿಮಿಷಕ್ಕೆ ಬರುವ ಮಾತೆಲ್ಲ ಅಂಥದ್ದೇ. ಹೇಳಬೇಕಾದ್ದು ಹಾಗೇ ಉಳಿಯಿತು.

ನಾವಿಬ್ಬರೂ ಡಾಲಸ್ ಕಡೆಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಪಾರ್ಟ್‌ಟೈಮ್ ಪಾಠ ಹೇಳುವವರು. ಹೈಸ್ಕೂಲಿನಲ್ಲಿ ಬೀಜಗಣಿತ ತಲೆಗೆ ಹತ್ತದೆ ಬಂದವರಿಗೆ ಅದನ್ನೇ ಮತ್ತೊಮ್ಮೆ ತಲೆಗೆ ಹತ್ತಿಸುವುದು ನನ್ನ ಕೆಲಸ. ಅವರದು ಅಮೆರಿಕದ ಚರಿತ್ರೆ, ಮೊದಲ ಭಾಗ. ಪಾರ್ಟ್‌ಟೈಮಿನವರಿಗೆಲ್ಲ ಸೇರಿ ಒಂದೇ ಕೋಣೆ. ಯಾರಿಗೂ ಸ್ವಂತ ಮೇಜಿಲ್ಲ. ಒಂದು ದಿನ ಒಳಗೆ ಹೋದರೆ ಅಗಲವಾದ ಹಳೇ ಕಾಲದ ಟೈ ಕಟ್ಟಿಕೊಂಡ ಕುಳ್ಳಗಿನ ಮನುಷ್ಯರೊಬ್ಬರು ಝೆರಾಕ್ಸ್ ಮೆಷೀನಿನ ಮುಂದೆ ನಿಂತು, "ಏ ಮಾರಾಯಾ, ಇಪ್ಪತ್ತು ಹಾಳಿ ಕೇಳವಲ್ಲೆ, ಒಂದ ಹಾಳಿ ಕೊಟ್ಟ ಸಾಯಿ" ಅಂತ ಬೈಯುತ್ತಿದ್ದರು.

"ಟ್ರೇ ತೆಗೆದು ಮತ್ತೆ ಹಾಕಿ, ಬರತ್ತೆ" ಅಂದೆ ನಾನು ಹಿಂದಿನಿಂದ.

ಅವರು ತಿರುಗಿ ಕನ್ನಡಕ ಮೇಲೇರಿಸಿದರು. "ಯಾರವಾ ನೀ? ಯಾವೂರು?"

"ತುಮಕೂರು."

"ನಂದು ಬೆಟಗೇರಿ. ಗದಗ ಬೆಟಗೇರಿ. ಡಬ್ಯಾಗ ರೊಟ್ಟಿ ಅದಾವು, ತಿಂತಿ?"

ಮೆಷೀನು ಸರಿ ಮಾಡಿದ್ದಕ್ಕೆ ಕೂಲಿಯಾಗಿ ಸಿಕ್ಕ ಆ ಜೋಳದ ರೊಟ್ಟಿ ಮತ್ತು ಪುಂಡಿಪಲ್ಯೆಯಿಂದ ನಮ್ಮ ಸ್ನೇಹ ಶುರುವಾಯಿತು. ನಾನು ಮೇಷ್ಟ್ರೇ ಅನ್ನುತ್ತಿದ್ದೆ. "ನಮ್ಮ ಕಡೆ ಮಾಸ್ತರ ಅಂತಾರವಾ" ಅಂತ ಒಂದೆರಡು ಸಲ ತಿದ್ದಿ ನೋಡಿದರು. ಆಮೇಲೆ "ಆತು ಬಿಡು, ಏನರೆ ಅನ್ನು" ಅಂದರು. ಆತು ಬಿಡು ಅನ್ನುವುದು ಅವರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ. ಸಂಬಳ ತಡವಾದರೂ ಆತು ಬಿಡು, ಆಗಸ್ಟಿನ ಬಿಸಿಲಲ್ಲಿ ಎ.ಸಿ. ಕೆಟ್ಟರೂ ಆತು ಬಿಡು.

ಇಬ್ಬರ ಮನೆಯೂ ಡಾಲಸ್ ಪಕ್ಕದ ಯೂಲೆಸ್‌ನಲ್ಲಿ. ಹೀಗಾಗಿ ಒಂದೇ ಕಾರಿನಲ್ಲಿ ಹೋಗಿಬರುವ ಏರ್ಪಾಟಾಯಿತು, ಒಂದು ವಾರ ಅವರ ಕಾರು, ಒಂದು ವಾರ ನನ್ನದು. ಅವರ ಕಾರಿನಲ್ಲಿ ಹೋದ ಮೊದಲ ದಿನವೇ ನನ್ನ ಕ್ಲಾಸಿಗೆ ತಡವಾಯಿತು. ಮನುಷ್ಯ ಹೈವೇ ಹತ್ತುವುದೇ ಇಲ್ಲ! ಹೈವೇ ಪಕ್ಕದಲ್ಲಿ ಹೆಜ್ಜೆಗೊಂದು ಸಿಗ್ನಲ್ ಇರುವ ಸರ್ವೀಸ್ ರೋಡ್ ಇರುತ್ತದಲ್ಲ, ಅದರಲ್ಲೇ ಕಾಲೇಜಿನವರೆಗೂ.

"ಯಾಕೆ ಮೇಷ್ಟ್ರೇ, ಹೆದರಿಕೆನಾ?"

"ಮರ್ಜ್ ಆಗೂದು ಬರೂದಿಲ್ಲ ನಂಗ. ಎಲ್ಲಾರೂ ಜೋರ್ ಓಡಾಕತ್ತಿರ್ತಾರ, ನೀ ಒಂದ ಕ್ಷಣದಾಗ ಅವರ ನಡಕ ಹೋಗಬೇಕು ಅಂದ್ರ ಹೆಂಗ ಹೋಗ್ಲಿ? ನಾ ವಿಚಾರ ಮಾಡೂದ್ರಾಗ ಜಾಗಾ ತಪ್ಪಿರ್ತೈತಿ."

ಅವತ್ತಿನಿಂದ ವಾರ ವಾರವೂ ನನ್ನ ಕಾರೇ ಆಯಿತು. ನನಗೇನು ಸೇವೆ ಮಾಡುವ ಹುಮ್ಮಸ್ಸಿರಲಿಲ್ಲ, ಸಿಗ್ನಲ್ ಎಣಿಸುವ ತಾಳ್ಮೆ ಇರಲಿಲ್ಲ, ಅಷ್ಟೇ.

ಅವರಿಗೆ ಪ್ರಿಯವಾದ ಪಾಠ ಒಂದಿತ್ತು. ಅಮೆರಿಕ ಇನ್ನೂ ಇಂಗ್ಲೆಂಡಿನ ವಸಾಹತಾಗಿದ್ದಾಗ, ಹದಿನೆಂಟನೇ ಶತಮಾನದ ನಡುವೆ, ಅಲ್ಲಿಯ ಊರೂರಿಗೆ ಹಬ್ಬಿದ ಭಕ್ತಿಯ ಕಾಡ್ಗಿಚ್ಚಿನ ಪಾಠ. ಊರಿಂದೂರಿಗೆ ಕುದುರೆ ಮೇಲೆ ಅಲೆಯುವ ಬೋಧಕರು, ಚರ್ಚು ಸಾಲದೆ ಬಯಲಲ್ಲಿ ಸೇರಿದ ಜನ, ನರಕದ ವರ್ಣನೆ ಕೇಳಿ ನೆಲಕ್ಕೆ ಬಿದ್ದು ಗೋಳಾಡುವವರು, ಗೋಳಾಡಿ ಎದ್ದು ನಾನು ಹೊಸದಾಗಿ ಹುಟ್ಟಿದೆ ಅಂತ ಕುಣಿಯುವವರು. ನನ್ನ ಕ್ಲಾಸು ರದ್ದಾದ ಒಂದು ದಿನ ಹೋಗಿ ಹಿಂದೆ ಕೂತೆ. ಕಾರಿನಲ್ಲಿ ಪಿಸುಮಾತಿನಲ್ಲಿ ಮಾತಾಡುತ್ತಿದ್ದ ಮೇಷ್ಟ್ರ ಗಂಟಲು ಅಲ್ಲಿ ಬೇರೆಯೇ. ವಿಮಾನ ನಿಲ್ದಾಣದಲ್ಲಿ ಸಾಮಾನು ಎತ್ತಿ ಸೀದಾ ಯೂನಿಫಾರ್ಮಿನಲ್ಲೇ ಕ್ಲಾಸಿಗೆ ಬರುತ್ತಿದ್ದ ಒಬ್ಬ ದಾಂಡಿಗ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ. ಮೇಷ್ಟ್ರು ಬಯಲ ಬೋಧಕರ ದನಿಯನ್ನು ಅನುಕರಿಸಿ ಒಮ್ಮೆ ಏರಿಸಿದರು ನೋಡಿ, ಆತ ದಡಬಡಿಸಿ ಎದ್ದು "ಆಮೆನ್!" ಅಂದ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. "ಆಗ ಆಗಿದ್ದೂ ಇಷ್ಟೇ" ಅಂತ ಇಂಗ್ಲಿಷಿನಲ್ಲಿ ಹೇಳಿ ಮುಂದುವರಿಸಿದರು.

ಬೋರ್ಡಿನ ಮೇಲೆ ಮೆಟ್ಟಿಲು ಬರೆದರು, ಕೆಳಗಿಳಿದು ಮತ್ತೆ ಮೇಲೇರುವ ಮೆಟ್ಟಿಲು. ಮೊದಲು ತಾನು ಒಳ್ಳೆಯವನು ಅನ್ನುವ ನಿಶ್ಚಿಂತೆ. ಆಮೇಲೆ ಪಾಪದ ಅರಿವು, ಹೆದರಿಕೆ. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಕೈಚೆಲ್ಲುವುದು. ಆಮೇಲೆ ತಟ್ಟನೆ ಬೆಳಕು, ಕಣ್ಣೀರು, ಶಾಂತಿ. ಆ ಕಾಲದ ಎಷ್ಟೋ ಚರ್ಚುಗಳಲ್ಲಿ ಪೂರ್ತಿ ಸದಸ್ಯರಾಗಬೇಕಾದರೆ ಸಭೆಗೆ ತನ್ನ ಈ ಕಥೆಯನ್ನು ಒಪ್ಪಿಸಬೇಕಿತ್ತು. ದೇವರು ಯಾವಾಗ ಮುಟ್ಟಿದ, ಎಲ್ಲಿ ಮುಟ್ಟಿದ, ಹೇಗೆ ಮುಟ್ಟಿದ. ಹೇಳಲಾರದವರು ಬರಬಹುದು, ಪ್ರಾರ್ಥನೆ ಮಾಡಬಹುದು, ಆದರೆ ಏಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುವಿನ ಭೋಜನದ ಮೇಜಿಗೆ ಬರುವಂತಿಲ್ಲ.

ಕುತ್ತಿಗೆಯಲ್ಲಿ ಶಿಲುಬೆಯ ಸರ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಕೈಯೆತ್ತಿ, ಪ್ರೊಫೆಸರ್, ನಿಮಗೆ ರಕ್ಷಣೆ ಸಿಕ್ಕಿದ್ದು, ಅಂದರೆ ದೇವರು ಮುಟ್ಟಿದ್ದು, ಯಾವಾಗ ಅಂತ ಕೇಳಿದಳು. ಕೊಂಕಿನಿಂದಲ್ಲ, ಪ್ರೀತಿಯಿಂದಲೇ. ಮೇಷ್ಟ್ರು ಕನ್ನಡಕ ತೆಗೆದು ಟೈಯ ತುದಿಯಿಂದ ಒರೆಸಿದರು. ಉತ್ತರ ಬೇಡವಾದಾಗಲೆಲ್ಲ ಅವರು ಮಾಡುತ್ತಿದ್ದದ್ದು ಅದೇ. ಒರೆಸಿ ಮುಗಿಯುವಷ್ಟರಲ್ಲಿ ಕ್ಲಾಸಿನ ಹೊತ್ತು ಮುಗಿಯಿತು.

"ಬಿದ್ದು ಅತ್ತವರ ಬಗ್ಗೆ ಕಪಾಟು ತುಂಬ ಪುಸ್ತಕ ಅದಾವು" ಅಂದರು ಅವತ್ತು ಕಾರಿನಲ್ಲಿ. "ಸುಮ್ಮನ ಕುಂತವರ ಬಗ್ಗೆ ಯಾರ ಬರದಾರ? ವಾರಾ ತಪ್ಪದ ಬರ್ತಾರ. ಹಾಡ್ತಾರ. ಮೇಜಿನ ಮುಂದ ಬಾ ಅಂದ್ರ, ಇಲ್ರಿ, ನಂಗ ಇನ್ನೂ ಖಾತ್ರಿ ಇಲ್ಲ ಅಂತಾರ. ಹಂಗ ಮುದುಕರಾಗಿ ಸತ್ತಾರ. ಒಂದ ಸುಳ್ಳು ಹೇಳಿದ್ರ ಮುಗೀತಿತ್ತು. ಹೇಳ್ಲಿಲ್ಲ."

ಅವರು ಯಾರ ಮಾತು ಆಡುತ್ತಿದ್ದಾರೆ ಅಂತ ನನಗೆ ಆಗ ಹೊಳೆಯಲಿಲ್ಲ.

ಒಮ್ಮೆ ಕನ್ನಡ ಸಂಘದ ಯುಗಾದಿಗೆ ಅವರನ್ನು ಕರೆದುಕೊಂಡು ಹೋದೆ. ಬಿಸಿಬೇಳೆಬಾತಿನ ತಟ್ಟೆ ಹಿಡಿದ ಬೆಂಗಳೂರಿನ ಯಜಮಾನರೊಬ್ಬರು ಮೇಷ್ಟ್ರ ಹೆಸರು ಕೇಳಿ ಬೆರಗಾದರು. "ಕನ್ನಡ ಎಷ್ಟ್ ಚೆನ್ನಾಗ್ ಮಾತಾಡ್ತೀರಿ ಸಾರ್! ಯಾವಾಗ ಕನ್ವರ್ಟ್ ಆದ್ರಿ?"

"ನಾ ಆಗಿಲ್ರಿ. ನಮ್ಮ ಮುತ್ತ್ಯಾನ ಅಪ್ಪ ಆಗಿದ್ದ, ನೇಕಾರಂವ. ಅವನ್ನ ಕೇಳಬೇಕು" ಅಂದರು ಮೇಷ್ಟ್ರು, ಕನ್ನಡಕ ಒರೆಸುತ್ತ.

ವಾಪಸು ಬರುವಾಗ ಕಾರಿನಲ್ಲಿ ಮೇಷ್ಟ್ರೇ ಮಾತು ತೆಗೆದರು. "ಅಲ್ಲವಾ, ಚರ್ಚಿನ್ಯಾಗೂ ಅದನ್ನ ಕೇಳ್ತಾರ, ಸಂಘದಾಗೂ ಅದನ್ನ ಕೇಳ್ತಾರ. ಯಾವಾಗ, ಯಾವಾಗ, ಯಾವಾಗ. ನಿನ್ನ ಯಾರರೆ ಕೇಳ್ಯಾರೇನು, ಯಾವಾಗ ಹಿಂದೂ ಆದಿ ಅಂತ?"

"ನನ್ನನ್ನ ಯಾಕೆ ಕೇಳ್ತಾರೆ?"

"ಅದ ನೋಡು ಮತ್ತ" ಅಂದು ಕಿಟಕಿಯ ಕಡೆ ತಿರುಗಿದರು.

ಇಲ್ಲಿ ಅವರ ಹೆಂಡತಿಯ ಬಗ್ಗೆ ಹೇಳಬೇಕು. ನಾನು ಅವರನ್ನು ಆಂಟಿ ಅನ್ನುತ್ತಿದ್ದೆ. ಮೊದಲು ಅಮೆರಿಕಕ್ಕೆ ಬಂದವರು ಅವರೇ, ನರ್ಸ್ ಕೆಲಸದ ಮೇಲೆ. ಗಂಡ ಮಗಳು ಹಿಂದಿನಿಂದ ಬಂದದ್ದು. ನಗು ಜಾಸ್ತಿ, ಸಿಟ್ಟೂ ಜಾಸ್ತಿ. ಯೂಲೆಸ್ ಬಳಿಯ ಹೈವೇ ಪಕ್ಕದ ಒಂದು ದೊಡ್ಡ ಚರ್ಚಿಗೆ ಹೋಗುತ್ತಿದ್ದರು. ವೇದಿಕೆಯ ಮೇಲೆ ಗಿಟಾರು, ಡ್ರಮ್ಮು. ಪಾಸ್ಟರ್ ಅಂದರೆ ಸೂಟಿನ ಕೆಳಗೆ ಕೌಬಾಯ್ ಬೂಟು ಹಾಕಿದ ಎತ್ತರದ ಆಳು, ಮಾತು ಬಹಳ ಮೃದು. ಆ ಚರ್ಚಿನಲ್ಲಿ ಒಂದು ಬುಧವಾರ ಸಂಜೆ ಆಂಟಿ ಹೊಸದಾಗಿ ಹುಟ್ಟಿದ್ದರು. ಪ್ರತಿ ವರ್ಷ ಆ ತಾರೀಕಿಗೆ ಶಾವಿಗೆ ಪಾಯಸ ಮಾಡಿ ನನಗೂ ಒಂದು ಡಬ್ಬಿ ಕಳಿಸುತ್ತಿದ್ದರು. "ನಂಗ ಎರಡ ಹುಟ್ಟಿದ ದಿನ, ನಿಮ್ಮ ಮಾಸ್ತರಗ ಒಂದ" ಅಂತ ಗಂಡನನ್ನು ಛೇಡಿಸುತ್ತಿದ್ದರು.

ಛೇಡಿಸುವುದರ ಒಳಗೆ ಭಯ ಇತ್ತು. ಅದು ನನಗೆ ತಿಳಿದದ್ದು ಅವರ ಅಡುಗೆಮನೆಯಲ್ಲಿ, ಅವರು ಹೀರೇಕಾಯಿ ಹೆಚ್ಚುತ್ತ ಕೂತಿದ್ದಾಗ. ಮೇಷ್ಟ್ರು ಪ್ರತಿ ಭಾನುವಾರ ಜೊತೆಗೆ ಹೋಗುತ್ತಾರೆ, ಹಾಡು ಹೇಳುತ್ತಾರೆ, ಆದರೆ ವೇದಿಕೆ ಹತ್ತಿ ಮೈಕ್ ಹಿಡಿದು ಸಾಕ್ಷಿ ಹೇಳುವುದಿಲ್ಲ, ಅಂದರೆ ತಮಗೆ ಬೆಳಕು ಸಿಕ್ಕ ಕಥೆ ಒಪ್ಪಿಸುವುದಿಲ್ಲ. ಆ ಚರ್ಚಿನಲ್ಲಿ ಸೇರುವವರೆಲ್ಲ ಅದನ್ನು ಮಾಡಬೇಕು. ರೊಟ್ಟಿ, ದ್ರಾಕ್ಷಾರಸದ ತಟ್ಟೆ ಬಂದರೆ ಮೇಷ್ಟ್ರು ಪಕ್ಕದವರಿಗೆ ದಾಟಿಸುತ್ತಾರೆ.

"ದೇವರನ್ನ ನಂಬಲ್ವಾ ಅವರು?" ಅಂದೆ.

"ನಂಬ್ತಾರವಾ. ಯಾವಾಗಿಂದ ಅಂತ ಕೇಳಿದ್ರ ಹೇಳೂದಿಲ್ಲ. ಹುಟ್ಟಿದಾಗಿಂದ ನಂಬಿದ್ರ ಅದು ನಂಬಿಕಿ ಅಲ್ಲಂತ, ರೂಢಿ ಅಂತ. ನಮ್ಮ ಪಾಸ್ಟರ್ ಹೇಳ್ತಾರ." ಚಾಕು ನಿಂತಿತು. "ನಗಬ್ಯಾಡ ನೀ. ನಾಳೆ ಅಲ್ಲೆ ಹೋದಮ್ಯಾಲೆ, ಇವರು ಇಲ್ಲಂದ್ರ, ನಾ ಒಬ್ಬಾಕಿನ ಕುಂತು ಏನ ಮಾಡ್ಲಿ?"

ನಾನು ನಗಲಿಲ್ಲ. ಸ್ವರ್ಗದ ಬಗ್ಗೆ ನನಗೆ ಅಭಿಪ್ರಾಯ ಇಲ್ಲ, ಆದರೆ ಅವರ ಮುಖದ ಬಗ್ಗೆ ಇತ್ತು. ಆ ಮುಖ ನಿಜವಾಗಿ ಹೆದರಿತ್ತು.

ಮುಂದಿನ ವರ್ಷ ಆಂಟಿಗೆ ಕ್ಯಾನ್ಸರ್ ಅಂತ ತಿಳಿಯಿತು. ಕಾರಿನಲ್ಲಿ ನಾಲ್ಕು ಗಂಟೆ ದೂರದ ಹ್ಯೂಸ್ಟನ್ನಿನ ಮೆಡಿಕಲ್ ಸೆಂಟರಿಗೆ ಹೋಗಿಬರಬೇಕಾಯಿತು. ಮಗಳು ಆಸ್ಟಿನ್ ಕಡೆಯಿಂದ ಶನಿವಾರ ಭಾನುವಾರ ಬರುತ್ತಿದ್ದಳು. ಉಳಿದ ದಿನ ಚರ್ಚಿನವರು, ನಾನು. ಹೈವೇ ಹತ್ತದ ಗಂಡನನ್ನು ಕಟ್ಟಿಕೊಂಡು ಹ್ಯೂಸ್ಟನ್ನಿಗೆ ಹೇಗೆ ಹೋಗುತ್ತಾರೆ? ಪೇರ್‌ಲ್ಯಾಂಡಿನಲ್ಲಿ, ಹ್ಯೂಸ್ಟನ್ ಪಕ್ಕದಲ್ಲಿರುವ ಮೀನಾಕ್ಷಿ ದೇವಸ್ಥಾನಕ್ಕೆ ಹತ್ತಿರವೇ, ನನ್ನ ಚಿಕ್ಕಮ್ಮನ ಮಗಳ ಮನೆ. ರಾತ್ರಿ ಅಲ್ಲಿ ಉಳಿಯುತ್ತಿದ್ದೆವು. ಆಂಟಿ ಅವಳ ದೇವರ ಮನೆಯ ಎದುರಿನ ಸೋಫಾದಲ್ಲಿ ಕೂತು ಬೈಬಲ್ ಓದುತ್ತಿದ್ದರು. ಅವಳು ದೀಪ ಹಚ್ಚಲು ಬಂದರೆ ಕಾಲು ಮಡಚಿ ದಾರಿ ಬಿಡುತ್ತಿದ್ದರು. ಯಾರಿಗೂ ಏನೂ ತೊಂದರೆ ಆಗಲಿಲ್ಲ.

ಅಂಥ ಒಂದು ಪ್ರಯಾಣದಲ್ಲಿ, ಹ್ಯೂಸ್ಟನ್ನಿಂದ ಹಿಂದಿರುಗುವಾಗ, ಆಂಟಿ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ್ದರು. ಅವರ ಪಕ್ಕದಲ್ಲೇ ಮೇಷ್ಟ್ರು. ಆಂಟಿಗೆ ನಿದ್ದೆ ಬಂದಿದೆ ಅಂದುಕೊಂಡಿದ್ದೆ.

"ರೀ, ನಾ ನಿಮ್ಮನ್ನ ಏನರೆ ಕೇಳೇನೇನು, ಇಷ್ಟು ವರ್ಷದಾಗ?"

"ಇಲ್ಲ."

"ಒಮ್ಮಿ ಮುಂದ ಹೋಗಿ ಹೇಳ್ರಿ. ನಾ ಕೇಳಿ ಹೋಗ್ತೀನಿ."

ಕನ್ನಡಿಯಲ್ಲಿ ನೋಡಿದೆ. ಅವತ್ತು ಮೇಷ್ಟ್ರು ಟೈ ಕಟ್ಟಿರಲಿಲ್ಲ. ಕನ್ನಡಕ ತೆಗೆದು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಿದ್ದರು.

ಮುಂದಿನ ತಿಂಗಳು ಆಂಟಿ ಫೋನ್ ಮಾಡಿದರು. ದನಿಯಲ್ಲಿ ಎಷ್ಟೋ ದಿನದಿಂದ ಇಲ್ಲದ ಉತ್ಸಾಹ. "ಈ ಭಾನುವಾರ ಚರ್ಚಿಗೆ ಬಾರವಾ. ನಿಮ್ಮ ಮಾಸ್ತರ ಸಾಕ್ಷಿ ಹೇಳ್ತಾರ." ನನ್ನ ಭಾನುವಾರ ಬಟ್ಟೆ ಒಗೆಯುವ ದಿನ. ಆದರೂ ಹೋದೆ.

ಮೇಷ್ಟ್ರು ವೇದಿಕೆ ಹತ್ತಿದರು. ಪಾಸ್ಟರ್ ಹೆಗಲ ಮೇಲೆ ಕೈಯಿಟ್ಟು ಮೈಕ್ ಕೊಟ್ಟರು. ಮೇಷ್ಟ್ರು ಇಂಗ್ಲಿಷಿನಲ್ಲಿ ಶುರು ಮಾಡಿದರು. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ ತಾನು ಬಹಳ ಒಳ್ಳೆಯ ಹುಡುಗ ಅಂದುಕೊಂಡಿದ್ದು. ಒಂದು ಸಂಜೆ ಗದಗ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಹುಬ್ಬಳ್ಳಿಯ ಗಾಡಿಗೆ ಕಾಯುತ್ತಿದ್ದಾಗ, ಕಾರಣವೇ ಇಲ್ಲದೆ ಎದೆ ನಡುಗಿದ್ದು. ಸಾವು ಎದುರಿಗೇ ನಿಂತಂತಾಗಿ ಕೈಕಾಲು ತಣ್ಣಗಾಗಿದ್ದು. ಗಾಡಿ ಬಂದು ಹೋದರೂ ಏಳಲಾಗದೆ, ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಬಿಟ್ಟುಬಿಟ್ಟದ್ದು. ಆಗ ತಟ್ಟನೆ ಬೆಳಕು. ಕಣ್ಣೀರು. ಶಾಂತಿ.

ದನಿ ಏರಿತು, ಇಳಿಯಿತು, ಬೇಕಾದಲ್ಲಿ ನಿಂತಿತು. ಜನ ಅತ್ತರು. ನನ್ನ ಪಕ್ಕದಲ್ಲಿದ್ದ ಹಿರಿಯ ಹೆಂಗಸು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಪಾಸ್ಟರ್ ಕಣ್ಣೊರೆಸಿಕೊಂಡು ಮೇಷ್ಟ್ರನ್ನು ತಬ್ಬಿಕೊಂಡರು. ಚಪ್ಪಾಳೆಯೋ ಚಪ್ಪಾಳೆ. ನಾನು ಮಾತ್ರ ಅವರ ಕ್ಲಾಸಿನ ಬೋರ್ಡಿನ ಮೇಲಿನ ಮೆಟ್ಟಿಲುಗಳನ್ನು ಮನಸ್ಸಿನಲ್ಲೇ ನೋಡುತ್ತ ಕೂತಿದ್ದೆ. ಒಂದು ಮೆಟ್ಟಿಲೂ ತಪ್ಪಿರಲಿಲ್ಲ. ಅಯ್ಯೋ ಮೇಷ್ಟ್ರೇ ಅಂದುಕೊಂಡೆ. ಮುಂದಿನ ಸಾಲಿನಲ್ಲಿ ಆಂಟಿಯ ಬೆನ್ನು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಊಟಕ್ಕೆ ಅವರ ಮನೆಗೆ ಹೋದೆವು. ಆಂಟಿ ಬೇಡ ಅಂದರೂ ತಾವೇ ಬಡಿಸಿದರು. ರೊಟ್ಟಿ, ಎಣ್ಣೆಗಾಯಿ, ಚರ್ಚಿನವರು ಕೊಟ್ಟ ಸಿಹಿ ಕಡುಬಿನಂಥದ್ದೊಂದು. ಮೇಷ್ಟ್ರು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಆಂಟಿ ಕುರ್ಚಿ ಎಳೆದುಕೊಂಡು ಎದುರು ಕೂತರು.

"ಎಷ್ಟನೇ ವಾರದ ಪಾಠರಿ ಅದು?"

ಮೇಷ್ಟ್ರ ಕೈ ತುತ್ತಿನೊಂದಿಗೆ ನಿಂತಿತು.

"ನಾ ಈ ಅಡಗಿಮನ್ಯಾಗ ನಿಂತು ಎಷ್ಟು ಸರ್ತಿ ಕೇಳೇನಿ ಅದನ್ನ. ಪ್ರತಿ ವರ್ಷ ಕ್ಲಾಸಿಗೆ ಹೋಗೂ ಮುಂದ, ದೇವರಿಗೆ ಒಪ್ಪಿಸಿದಂಗ ಗ್ವಾಡಿಗೆ ಪಾಠಾ ಒಪ್ಪಸ್ತಿದ್ರಿ. ಐದನೇ ವಾರನೋ, ಆರನೇದೋ? ಸ್ಟೇಷನ್ ಒಂದ ಹೊಸಾದು."

"ಹೇಳ್ರಿ ಅಂತ ನೀನ ಕೇಳಿದ್ದಿ" ಅಂದರು ಮೇಷ್ಟ್ರು.

"ನಾ ಖರೇದು ಕೇಳಿದ್ದೆ."

ಅವರು ಅಳಲಿಲ್ಲ, ಕೂಗಲಿಲ್ಲ. ಎದ್ದು ಹೋಗಿ ಮಲಗಿದರು. ಸುಳ್ಳು ಹೇಳುವುದರಲ್ಲಿ ಕೂಡ ಇಷ್ಟು ಓದಿಕೊಂಡ ಮನುಷ್ಯ ಇರುತ್ತಾರಾ ಅಂತ ನನಗೆ ಸಿಟ್ಟು ಬಂತು. ಸುಮ್ಮನೆ ನಾಲ್ಕು ಮಾತು ತೊದಲಿದ್ದರೆ ಆ ಹೆಂಗಸು ನಂಬಿಬಿಡುತ್ತಿದ್ದರು.

ಚರ್ಚಿನಲ್ಲಿ ಮಾತ್ರ ಆ ಸಾಕ್ಷಿ ದೊಡ್ಡ ಸುದ್ದಿಯಾಯಿತು. ಅದರ ಕ್ಯಾಸೆಟ್ ಮಾಡಿ ಹಂಚಿದರು. ಆಸ್ಟಿನ್ನಿನ ಒಂದು ಸಭೆಗೆ, ಹ್ಯೂಸ್ಟನ್ನಿನ ಇನ್ನೊಂದಕ್ಕೆ ಬಂದು ಇದೇ ಕಥೆ ಹೇಳಬೇಕು ಅಂತ ಕರೆ ಬಂತು. ಭಾರತದಲ್ಲಿ ವಿಗ್ರಹ ಪೂಜೆ ಮಾಡುತ್ತಿದ್ದ ಈ ಮನುಷ್ಯನಿಗೆ ಬೆಳಕು ಸಿಕ್ಕಿತಂತೆ ಅಂತ ಯಾರೋ ಅದಕ್ಕೆ ರೆಕ್ಕೆ ಪುಕ್ಕವನ್ನೂ ಸೇರಿಸಿದ್ದರು. ಅದನ್ನು ಕೇಳಿದ ದಿನ ಕಾರಿನಲ್ಲಿ ಮೇಷ್ಟ್ರು ಹಳೆಯ ಬೋಧಕನೊಬ್ಬನ ಸುದ್ದಿ ತೆಗೆದರು. ಆ ಕಾಡ್ಗಿಚ್ಚಿನ ಕಾಲದಲ್ಲಿ ಒಬ್ಬ ಆವೇಶ ತಲೆಗೇರಿ ಭಕ್ತರ ಕೈಯಲ್ಲಿ ಪುಸ್ತಕಗಳನ್ನು ಸುಡಿಸಿದ. ಮರುದಿನ ಬೆಡಗಿನ ಬಟ್ಟೆಯೂ ಪಾಪ ಅಂತ ರಾಶಿ ಹಾಕಿಸಿ, ತನ್ನ ಚೊಣ್ಣವನ್ನೂ ಬಿಚ್ಚಿ ಅದರ ಮೇಲೆ ಎಸೆದ. ಈ ಕಥೆ ಹೇಳಿದಾಗ ಪ್ರತಿ ವರ್ಷ ಕ್ಲಾಸು ಹೊಟ್ಟೆ ಹುಣ್ಣಾಗುವಂತೆ ನಗುತ್ತಿತ್ತು.

"ಮುಂದಿಂದು ಯಾರಿಗೂ ನೆನಪ ಇರೂದಿಲ್ಲವಾ. ಆಮ್ಯಾಲೆ ಅಂವ, ನಂದ ತಪ್ಪಾತು ಅಂತ ಬರದು ಅಚ್ಚ ಹಾಕಿಸಿದ. ಚೊಣ್ಣ ಬಿಚ್ಚೂದು ಹಗುರ. ಇದು ಕಷ್ಟ."

"ಮೇಷ್ಟ್ರೇ, ಸುಮ್ಮನಿದ್ದುಬಿಡಿ" ಅಂದೆ. ನಿಜವಾಗಿ ಹಾಗೇ ಅನ್ನಿಸಿತ್ತು. ಆಂಟಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರು ಅದೇ ಜನ, ಅಂಗಳದ ಹುಲ್ಲು ಕತ್ತರಿಸುವವರು ಅದೇ ಜನ, ದಿನ ಬಿಟ್ಟು ದಿನ ಊಟ ತರುವವರೂ ಅದೇ ಜನ. ಆಂಟಿಗೆ ಹೇಗೂ ಗೊತ್ತಾಗಿದೆ. ಉಳಿದವರಿಗೆ ಗೊತ್ತಾಗಿ ಯಾರಿಗೆ ಏನು ಲಾಭ? ನನಗಂತೂ ಇನ್ನೊಂದು ರಾದ್ಧಾಂತ ನೋಡುವ ಶಕ್ತಿ ಇರಲಿಲ್ಲ.

"ಆತು ಬಿಡು" ಅಂದರು. ಸುಮ್ಮನಿರುತ್ತಾರೆ ಅಂತ ನಾನು ಅರ್ಥ ಮಾಡಿಕೊಂಡೆ.

ಮುಂದಿನ ಭಾನುವಾರ ನಾನು ಚರ್ಚಿಗೆ ಹೋಗಿರಲಿಲ್ಲ. ನಡೆದದ್ದನ್ನು ಆಮೇಲೆ ಮೇಷ್ಟ್ರೇ ಹೇಳಿದರು. ಹಾಡು ಮುಗಿದ ಮೇಲೆ ಎದ್ದು ಮುಂದೆ ಹೋಗಿ ಮೈಕ್ ಕೇಳಿದರಂತೆ. ಪಾಸ್ಟರ್ ಖುಷಿಯಿಂದ ಕೊಟ್ಟರು. ನಾನು ಹೇಳಿದ ಸಂಜೆ ನಡೆಯಲಿಲ್ಲ, ಅದು ನನ್ನ ಪಾಠದಿಂದ ಕಟ್ಟಿದ ಕಥೆ, ಕ್ಷಮಿಸಿ ಅಂದರು. ನನಗೆ ತಾರೀಕಿಲ್ಲ. ನಮ್ಮ ತಾಯಿ ರೊಟ್ಟಿ ಬಡಿಯುತ್ತ ಕೀರ್ತನೆ ಹಾಡುತ್ತಿದ್ದಳು, ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ, ಆಗಲೇ ನಂಬಿಕೆ ಇತ್ತು. ಅದಕ್ಕಿಂತ ಹಿಂದಿನದು ನೆನಪಿಲ್ಲ. ಇಷ್ಟು ಹೇಳಿ ಮೈಕ್ ವಾಪಸು ಕೊಟ್ಟರು. ಸಭೆ ಕೆಮ್ಮಿತು. ಡ್ರಮ್ಮಿನವನು ಗಾಬರಿಯಾಗಿ ಮುಂದಿನ ಹಾಡು ಶುರು ಮಾಡಿಬಿಟ್ಟ.

ಮನೆಗೆ ಬರುವಾಗ ಆಂಟಿ ಕೇಳಿದ್ದು ಒಂದೇ ಮಾತಂತೆ. "ಮೊದಲಿಂದು ನನ್ನ ಸಲುವಾಗಿ ಹೇಳಿದ್ರಿ. ಇದನ್ನ ಯಾರ ಸಲುವಾಗಿ ಹೇಳಿದ್ರಿ?" ಆಂಟಿಯ ಪಾಲಿಗಿದ್ದ ಸುಳ್ಳು ಸಾಕ್ಷಿಯನ್ನೂ ಈಗ ಮೇಷ್ಟ್ರು ಕಿತ್ತುಕೊಂಡಿದ್ದರು; ನಾಳೆ ಜನ ಕೇಳಿದರೆ ನನ್ನ ಗಂಡನೂ ಸ್ವರ್ಗಕ್ಕೆ ಬರುತ್ತಾರೆ ಅಂತ ಬಾಯಿಮಾತಿಗೂ ಹೇಳುವಂತಿರಲಿಲ್ಲ. ಆಂಟಿ ಅವರನ್ನು ಛೇಡಿಸುವುದನ್ನು ನಿಲ್ಲಿಸಿದರು. ಔಷಧ ಕೊಡ್ರಿ, ನೀರು ಕೊಡ್ರಿ, ಅಷ್ಟೇ ಮಾತು.

ಚರ್ಚಿನವರು ಊಟ ತರುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಪಾಸ್ಟರ್ ತಪ್ಪದೆ ಬಂದರು. ಒಳ್ಳೆಯ ಮನುಷ್ಯ. ಆದರೆ ಅವರ ಲೆಕ್ಕ ಸರಳ. ಆ ಸಂಜೆ ನಡೆಯಲಿಲ್ಲ ಅಂದಮೇಲೆ ಮೇಷ್ಟ್ರಿಗೆ ರಕ್ಷಣೆ ಇನ್ನೂ ಸಿಕ್ಕಿಲ್ಲ. ಸಿಕ್ಕಿಲ್ಲ ಅಂದಮೇಲೆ ಕೊಡಿಸಬೇಕು. ಬಂದಾಗಲೆಲ್ಲ ಕೇಳುತ್ತಿದ್ದರು. ಮೇಷ್ಟ್ರು ಅವರಿಗೆ ಚಹಾ ಮಾಡಿಕೊಡುತ್ತಿದ್ದರು.

ಆಂಟಿಯನ್ನು ಕೊನೆಯ ಸಲ ಹ್ಯೂಸ್ಟನ್ನಿಗೆ ಸೇರಿಸಿದಾಗ ಡಾಕ್ಟರು ಇನ್ನು ಮಾಡುವುದೇನಿಲ್ಲ ಅಂದರು. ಮಗಳು ಆಸ್ಟಿನ್ನಿನಿಂದ ಹೊರಟು ದಾರಿಯಲ್ಲಿದ್ದಳು. ಮಧ್ಯಾಹ್ನದ ಹೊತ್ತು. ಕೋಣೆಯಲ್ಲಿ ನಾನು, ಮೇಷ್ಟ್ರು. ಪಾಸ್ಟರ್ ಡಾಲಸ್ಸಿನಿಂದ ಅಷ್ಟು ದೂರ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದಿದ್ದರು. ಬೈಬಲ್ ಓದಿದರು, ಪ್ರಾರ್ಥನೆ ಮಾಡಿದರು. ಆಂಟಿ ಕಣ್ಣು ಮುಚ್ಚಿದ್ದರು. ಆಮೇಲೆ ಪಾಸ್ಟರ್ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು, ಬ್ರದರ್, ಇದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ, ನಿಮ್ಮ ಹೆಂಡತಿ ಕೇಳುವಂತೆ ಈಗಲೇ, ಇಲ್ಲೇ, ಹೌದು ಅಂದುಬಿಡಿ, ಅವರು ನೆಮ್ಮದಿಯಿಂದ ಹೋಗಲಿ ಅಂದರು. ಅವರ ಕಣ್ಣಲ್ಲಿ ನೀರಿತ್ತು. ನಾಟಕ ಆಗಿರಲಿಲ್ಲ.

ಮೇಷ್ಟ್ರು ಬಾಯಿ ತೆರೆದರು. ಹೌದು ಅಂದುಬಿಡುತ್ತಾರೆ ಅಂತ ನನಗೆ ಖಾತ್ರಿಯಾಯಿತು. ಅನ್ನಲಿ ಅಂತ ನಾನೂ ಬೇಡಿಕೊಂಡೆ.

"ಅವರನ್ನ ಬಿಡ್ರಿ" ಅಂದರು ಆಂಟಿ.

ಪಾಸ್ಟರಿಗೆ ಕನ್ನಡ ಬರುವುದಿಲ್ಲ ಅನ್ನುವುದು ಅವರಿಗೆ ಆಗ ನೆನಪಿರಲಿಲ್ಲ. ಕಣ್ಣು ತೆರೆದು ಪಾಸ್ಟರನ್ನೇ ನೋಡುತ್ತ ಹೇಳುತ್ತಿದ್ದರು.

"ಅವರನ್ನ ಕೇಳಬ್ಯಾಡ್ರಿ. ಸಾಕು. ಅಲ್ಲೆ ಕೇಳಿದ್ರ ಇವರ ಸಾಕ್ಷಿ ನಾ ಹೇಳ್ತೀನಿ."

ಮೇಷ್ಟ್ರು ಮಂಚದ ಪಕ್ಕ ಕುಸಿದು ಕೂತು ಅವರ ಕೈ ಹಿಡಿದರು. "ಏನಂತ ಹೇಳ್ತಿಲೇ?"

ಆಂಟಿ ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆ ಮುಖದಲ್ಲಿ ಎ‌ಷ್ಟೋ ವಾರಗಳ ಮೇಲೆ ಮತ್ತೆ ಛೇಡಿಸುವ ಕಳೆ ಬಂದಿತ್ತು.

"ಈ ಮನಶ್ಯಾಗ ಸುಳ್ಳ ಹೇಳಾಕ ಬರೂದಿಲ್ಲ ಅಂತ ಹೇಳ್ತೀನಿ. ನನ್ನ ಸಲುವಾಗಿ ಒಮ್ಮಿ ಹೇಳಾಕ ಹೋಗಿ, ಅದೂ ಬರ್ಲಿಲ್ಲ ಅಂತ ಹೇಳ್ತೀನಿ. ಒಳಗ ಬಿಡ್ತಾರ."

ಪಾಸ್ಟರ್ ನಮ್ಮಿಬ್ಬರ ಮುಖ ನೋಡಿದರು, ಅವರು ಏನಂದರು ಅನ್ನುವಂತೆ. ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳಲು ಶುರು ಮಾಡಿದರು. ಅರ್ಧ ಹೇಳಿ, ಆಂಟಿಯ ಕೈಯ ಮೇಲೆ ಹಣೆಯಿಟ್ಟರು. ಉಳಿದದ್ದನ್ನು ನಾನು ಹೇಳಿದೆ.